ಸುಟ್ಟ ಕೈಗೆ ಮೈದಾ ಹಿಟ್ಟು

ಅಡುಗೆಮನೆಯಲ್ಲಿ ಯಾರಾದರೂ ಕೈ ಸುಟ್ಟುಕೊಂಡರೆ ಸಾಕು, ಮನೆಯವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಒಬ್ಬರು ಬೆಣ್ಣೆ ತರುತ್ತಾರೆ, ಇನ್ನೊಬ್ಬರು ಶಾಯಿ ತರುತ್ತಾರೆ. ಈ ಮನೆಯಲ್ಲಿ ಬಂದದ್ದು ಮೈದಾ ಹಿಟ್ಟು.

ಕೆಳಗೆ ಬೇಕರಿ, ಮೇಲೆ ಮನೆ. ಯಜಮಾನರು ಮೂವತ್ತೈದು ವರ್ಷ ಬ್ರೆಡ್ಡಿನ ಒಲೆಯ ಮುಂದೆ ನಿಂತವರು. ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸುವ ಕೆಲಸ ಮೊದಲು ಅವರದೇ ಆಗಿತ್ತು, ಈಗ ಸೊಸೆಯದು. ಕೋನ್ ಹಿಡಿದು, ಬೆರಳ ತುದಿಯಿಂದ ಒತ್ತಿ ಅವಳು ಬಿಡಿಸುವ ಗುಲಾಬಿಗೆಂದೇ ನಾಲ್ಕು ಬೀದಿ ಆಚೆಯಿಂದ ಜನ ಬರುತ್ತಿದ್ದರು.

ಅವತ್ತು ಬೆಳಿಗ್ಗೆ ಎಂಟು ಗಂಟೆ. ಸೊಸೆ ಕಾದ ಹಾಲಿನ ಪಾತ್ರೆ ಇಳಿಸಲು ಹೋದಳು. ಅವಸರದಲ್ಲಿ ಕೈಗೆ ಸಿಕ್ಕಿದ್ದು ಒದ್ದೆ ಬಟ್ಟೆ. ಒಣ ಬಟ್ಟೆ ಬಿಸಿಯನ್ನು ತಡೆಯುತ್ತದೆ, ಒದ್ದೆ ಬಟ್ಟೆ ಅದನ್ನು ನೇರ ಚರ್ಮಕ್ಕೆ ದಾಟಿಸುತ್ತದೆ. ಪಾತ್ರೆ ಜಾರಿತು. ಹಾಲು ಬಲಗೈ ಬೆರಳುಗಳ ಮೇಲೆ ಬಿತ್ತು. "ಅಯ್ಯೋ!" ಎಂದು ಕೂಗಿದವಳೇ ಓಡಿಹೋಗಿ ನಲ್ಲಿ ತಿರುಗಿಸಿದಳು.

"ನೀರು ಸೋಕಿಸ್ಬೇಡ! ಗುಳ್ಳೆ ಏಳುತ್ತೆ!" ಎನ್ನುತ್ತ ಮಾವ ಬಂದು ನಲ್ಲಿ ನಿಲ್ಲಿಸಿದರು. ಅವಳ ಮಣಿಕಟ್ಟು ಹಿಡಿದು, ಕೈಯನ್ನು ಮೈದಾ ಡಬ್ಬಿಯೊಳಗೆ ತುರುಕಿದರು. "ಉರಿಯನ್ನೆಲ್ಲ ಹಿಟ್ಟು ಎಳ್ಕೊಳ್ಳುತ್ತೆ. ಅಲ್ಲಾಡ್ಬೇಡ."

"ಮಾವ, ಉರಿ ಜಾಸ್ತಿ ಆಗ್ತಿದೆ."

"ಆಗ್ಲಿ. ಹಿಟ್ಟು ಕೆಲಸ ಮಾಡ್ತಿದೆ ಅಂತ ಅರ್ಥ."

ಕೂಗು ಕೇಳಿ ಗಂಡ ಕೆಳಗಿನಿಂದ ಓಡಿಬಂದ. ಹತ್ತು ನಿಮಿಷ ಬಚ್ಚಲಲ್ಲಿ ತಡಕಾಡಿ ಬಂದಾಗ ಅವನ ಕೈಯಲ್ಲಿ ಟೂತ್‌ಪೇಸ್ಟ್. ಅಷ್ಟರಲ್ಲಿ ಬಾಗಿಲಲ್ಲಿ ಅವನ ತಂಗಿ ನಿಂತಿದ್ದಳು. ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಅವಳು. ಡ್ಯೂಟಿ ಮುಗಿಸಿ, ತವರಲ್ಲಿ ಒಂದು ಲೋಟ ಚಹಾ ಕುಡಿದು ಹೋಗೋಣ ಎಂದು ಬಂದಿದ್ದಳು.

"ಅಣ್ಣಾ, ಅತ್ತಿಗೆಯ ಹಲ್ಲು ಸುಟ್ಟಿದ್ಯಾ? ಆ ಪೇಸ್ಟು ಬಚ್ಚಲಲ್ಲಿಡು." ಡಬ್ಬಿಯಿಂದ ಅತ್ತಿಗೆಯ ಕೈ ಎತ್ತಿ ನಲ್ಲಿಯ ಕೆಳಗೆ ಹಿಡಿದಳು. "ಸುಟ್ಟು ಎಷ್ಟು ಹೊತ್ತಾಯ್ತು?"

"ಕಾಲು ಗಂಟೆ."

"ಕಾಲು ಗಂಟೆ! ನಲ್ಲಿ ಎರಡು ಅಡಿ ದೂರದಲ್ಲಿದೆ, ಅಪ್ಪಾ. ಎರಡೇ ಅಡಿ!"

ಮೊದಲು ಉಂಗುರ ಬಿಚ್ಚಿದಳು. ಬೆರಳು ಆಗಲೇ ಊದುತ್ತಿತ್ತು, ಕಷ್ಟಪಟ್ಟು ಬಂತು. "ಇನ್ನರ್ಧ ಗಂಟೆ ಬಿಟ್ಟಿದ್ರೆ ಇದನ್ನ ಕತ್ತರಿಸಿಯೇ ತೆಗೀಬೇಕಿತ್ತು." ನೀರಿನ ಧಾರೆಯನ್ನು ಸಣ್ಣಗೆ ಮಾಡಿ ಬೆರಳುಗಳ ಮೇಲೆ ಬಿಟ್ಟಳು. ಹಿಟ್ಟು ಅಂಟಂಟಾಗಿ ಹರಿಯಿತು. ಚರ್ಮಕ್ಕೆ ಕಚ್ಚಿದ್ದನ್ನು ಅವಳು ಉಜ್ಜಲಿಲ್ಲ.

"ಐಸ್ ತರ್ಲಾ?" ಅಣ್ಣ ಕೇಳಿದ.

"ಬೇಡ. ಐಸ್ ಇಟ್ರೆ ಸುಟ್ಟ ಗಾಯದ ಮೇಲೆ ಇನ್ನೊಂದು ಗಾಯ. ನಲ್ಲಿ ನೀರು ಸಾಕು, ಇಪ್ಪತ್ತು ನಿಮಿಷ. ನೀನು ಗಡಿಯಾರ ನೋಡ್ತಿರು."

ಯಜಮಾನರಿಗೆ ಸಿಟ್ಟು ಬಂತು. "ನಿನ್ನೆ ಮೊನ್ನೆ ಕಲಿತು ಬಂದವಳು ನಂಗೆ ಹೇಳ್ತೀಯಾ? ನೀರು ಬಿಟ್ಟು ಗುಳ್ಳೆ ಎಬ್ಬಿಸ್ತಿದ್ದೀಯ."

"ಗುಳ್ಳೆ ಎಬ್ಬಿಸೋದು ಬಿಸಿ. ನೀರಲ್ಲ. ಒಲೆಯಿಂದ ತೆಗೆದ ತಕ್ಷಣ ನಿನ್ನ ಟ್ರೇ ತಣ್ಣಗಾಗುತ್ತಾ? ಚರ್ಮಾನೂ ಹಾಗೇ, ಒಳಗೆ ಬೇಯ್ತಾನೇ ಇರುತ್ತೆ. ನೀರು ಆ ಬಿಸಿ ತೆಗೆಯುತ್ತೆ. ಹಿಟ್ಟು ಹಾಕೋದು ಅಂದ್ರೆ ಬಿಸಿ ಬನ್ನಿಗೆ ಕಂಬಳಿ ಹೊದಿಸಿದ ಹಾಗೆ."

"ಇದೇನು ಮತ್ತೆ?" ಯಜಮಾನರು ಅಂಗಿಯ ತೋಳು ಮಡಚಿ ಕಲೆಗಳನ್ನು ತೋರಿಸಿದರು. "ಇಷ್ಟು ಸಲ ಸುಟ್ಟಿದೆ. ಎಲ್ಲಕ್ಕೂ ಹಿಟ್ಟೇ. ಸತ್ತೆನಾ?"

"ಸಾಯ್ಲಿಲ್ಲ. ಆ ಕಿರುಬೆರಳು ಚಾಚು, ನೋಡೋಣ."

ಯಜಮಾನರ ಕಿರುಬೆರಳು ಮಡಚಿಕೊಂಡೇ ಇತ್ತು. ಅದು ಚಾಚುತ್ತಿರಲಿಲ್ಲ.

"ಹಿಟ್ಟಿನಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಗಾಯ ಆಳವಾಗಿತ್ತು. ಆದ್ರೆ ಹಿಟ್ಟಿನಡಿ ಮುಚ್ಚಿಟ್ರೆ ಆಳ ಎಷ್ಟು ಅಂತ ಯಾರಿಗೆ ಕಾಣುತ್ತೆ? ನೀನು ನಾಲ್ಕು ದಿನ ಬಿಟ್ಟು ಕೀವಾದ ಮೇಲೆ ಡಾಕ್ಟರಿಗೆ ತೋರಿಸ್ದೆ. ಆಮೇಲೆ ಕೋನ್ ಹಿಡಿಯೋಕಾಗದೆ ಕೇಕಿನ ಕೆಲಸ ಬಿಟ್ಟೆ. ಅತ್ತಿಗೆ ಕೈಯೂ ಹಾಗಾಗ್ಬೇಕಾ?" ಅವಳ ದನಿ ಏರಿತು. "ನಮ್ಮ ವಾರ್ಡಿಗೆ ಬಂದವರಿಗೆ ಮೊದಲು ನಾವು ತೊಳೆಯೋದು ಏನು ಗೊತ್ತಾ? ಬೆಣ್ಣೆ, ಶಾಯಿ, ಪೇಸ್ಟು. ಪ್ರೀತಿಯಿಂದ ಹಚ್ಚಿರ್ತಾರೆ ಎಲ್ಲರೂ. ಆ ಪ್ರೀತಿ ಕೆರೆದು ತೆಗೆಯುವಾಗ ಮಕ್ಕಳು ಕಿರುಚೋದು ನಾನು ಕೇಳ್ಬೇಕು."

ಯಜಮಾನರು ಮಡಚಿದ್ದ ಅಂಗಿಯ ತೋಳನ್ನು ಕೆಳಗಿಳಿಸಿದರು. ಮಗ ಗಡಿಯಾರ ನೋಡಿ, "ಇನ್ನೂ ಎಂಟು ನಿಮಿಷ" ಎಂದ.

ಇಪ್ಪತ್ತು ನಿಮಿಷವಾದಾಗ ಮೂರು ಬೆರಳುಗಳ ಮೇಲೆ ಗುಳ್ಳೆ ಕಾಣಿಸುತ್ತಿತ್ತು. ಗಂಡ ಸೂಜಿಗಾಗಿ ಹುಡುಕತೊಡಗಿದ. "ಒಡೆದ್ರೆ ಸೋಂಕಿಗೆ ಬಾಗಿಲು ತೆಗೆದ ಹಾಗೆ" ಎಂದು ತಂಗಿ ಗದರಿದಳು. ಹೊಸ ಪ್ಲಾಸ್ಟಿಕ್ ಚೀಲವನ್ನು ಅತ್ತಿಗೆಯ ಕೈಗೆ ಸಡಿಲವಾಗಿ ತೊಡಿಸಿದಳು. "ಬೆರಳು ಸುಟ್ಟು ಗುಳ್ಳೆ ಎದ್ದಿದೆ. ಡಾಕ್ಟರಿಗೆ ತೋರಿಸಲೇಬೇಕು. ನಡೀರಿ."

ಕ್ಲಿನಿಕ್ಕಿನಲ್ಲಿ ಡಾಕ್ಟರು ಬೆರಳ ಸಂದುಗಳಲ್ಲಿ ಕಚ್ಚಿಕೊಂಡಿದ್ದ ಹಿಟ್ಟನ್ನು ಒಂದೊಂದೇ ಚೂರಾಗಿ ಬಿಡಿಸಿದರು. ಸೊಸೆ ಹಲ್ಲು ಕಚ್ಚಿದಳು, ಆಮೇಲೆ ಅತ್ತೇಬಿಟ್ಟಳು. "ಇದನ್ನ ಹಾಕಿದ್ಯಾರು?" ಡಾಕ್ಟರು ತಲೆ ಎತ್ತದೆ ಕೇಳಿದರು.

ಬಾಗಿಲ ಬಳಿ ನಿಂತಿದ್ದ ಯಜಮಾನರು ಹೇಳಿದರು: "ನಾನು."

ಗಾಯ ಆಳವಾಗಿರಲಿಲ್ಲ. ದಿನಾ ಬೆರಳಾಡಿಸಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಮೂರನೆಯ ವಾರ ಸೊಸೆ ಮತ್ತೆ ಕೋನ್ ಹಿಡಿದಳು. ಐದೂ ಬೆರಳು ನೆಟ್ಟಗೆ ಚಾಚಿದವು. ಯಜಮಾನರು ಈಗ ಒಲೆಯ ಕೆಲಸಗಾರರಿಗೆ ಹೇಳುವುದು ಒಂದೇ ಮಾತು: "ಸುಟ್ರೆ ನೇರ ನಲ್ಲಿಗೆ. ಹಿಟ್ಟಿನ ಹತ್ರ ಕಂಡ್ರೆ ಒದೆ ಬೀಳುತ್ತೆ."

ಓದುವವರೇ, ಇಷ್ಟು ನೆನಪಿಡಿ. ಸುಟ್ಟ ಕೂಡಲೇ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ನಲ್ಲಿ ಬರದಿದ್ದರೆ ಚೆಂಬಿನಿಂದ ಬಿಡದೆ ಸುರಿಯಿರಿ. ತಡವಾಯಿತೆಂದು ಕೈಬಿಡಬೇಡಿ, ಸುಟ್ಟ ಮೂರು ಗಂಟೆಯೊಳಗೆ ನೀರು ಹಾಕಿದರೂ ಉಪಯೋಗವಿದೆ. ಉಂಗುರ, ವಾಚು ಮೊದಲೇ ಬಿಚ್ಚಿ. ಏನನ್ನೂ ಹಚ್ಚಬೇಡಿ, ಗುಳ್ಳೆ ಒಡೆಯಬೇಡಿ. ಸುಟ್ಟ ಜಾಗ ಗಾಯಗೊಂಡವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗ ಸುಟ್ಟಿದ್ದರೆ, ಚರ್ಮ ಬಿಳಿಚಿದ್ದರೆ ಅಥವಾ ಕರಿಕಾಗಿದ್ದರೆ, ಗುಳ್ಳೆ ಎದ್ದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರಾದರೆ ಸಣ್ಣ ಗಾಯವನ್ನೂ ತೋರಿಸಿ.

ಸುಟ್ಟುಕೊಂಡವರು ಯಾರೂ ಹೇಳಿಕೊಡದೆಯೇ ನೀರಿನ ಕಡೆ ಓಡುತ್ತಾರೆ. ದಯವಿಟ್ಟು ಅವರ ದಾರಿಗೆ ಅಡ್ಡ ನಿಲ್ಲಬೇಡಿ.