ಶ್ಯಾಮಲಮ್ಮನ ಷೇರು, ಕೋನಪ್ಪನ ಎಮ್ಮೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಸಾದಲಿಯ ಶ್ಯಾಮಲಮ್ಮನಿಗೂ ನೂಲು ತೆಗೆಸುವ ಅಸ್ಗರನಿಗೂ ಜಗಳವಾಗದೆ ವ್ಯಾಪಾರ ಕುದುರಿದ್ದೇ ಇಲ್ಲ. ಆಕೆ ತನ್ನ ರೇಷ್ಮೆಗೂಡನ್ನು ಹರಾಜಿನ ಜಾಲರಿ ಪೆಟ್ಟಿಗೆಗೆ ಸುರಿದು ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಅಸ್ಗರ್ ಬಂದು, ಮೊಣಕೈವರೆಗೆ ತೋಳು ಇಳಿಸಿ, ತಳದಿಂದ ಒಂದು ಹಿಡಿ ಗೂಡು ಎತ್ತುತ್ತಿದ್ದ. ಮೇಲಿನ ಗೂಡನ್ನು ಆಸಾಮಿ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

“ಇಷ್ಟು ವರ್ಷದಿಂದ ನನ್ನ ಗೂಡು ತಗೊಂತೀಯ, ಇನ್ನೂ ನಂಬಿಕೆ ಬರ್ಲಿಲ್ವೇನಪ್ಪಾ?”

“ನಿಮ್ಮ ಮೇಲೆ ನಂಬಿಕೆ ಐತಕ್ಕಾ, ಗೂಡಿನ ಮೇಲೆ ಇಲ್ಲ. ಮೇಲೆಲ್ಲಾ ಮದುವೆ ಹೆಣ್ಣಿನಂಗೆ ಕೂತಿರ್ತಾವೆ, ಜೊಳ್ಳು ಇರೋದು ತಳದಾಗೆ!”

ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹರಾಜು ಮುಗಿದ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಟೀ ಹೀರುತ್ತ, ಮೊಬೈಲಿನಲ್ಲಿ ಷೇರು ನೋಡುತ್ತಿದ್ದರು. ಈ ಚಟ ಹತ್ತಿಸಿದವನು ಶ್ಯಾಮಲಮ್ಮನ ತಂಗಿಯ ಮಗ ಮೋಹನ್‌ಬಾಬು. ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಮೇಷ್ಟ್ರು. ಅವನು ಹೇಳುವುದು, ಅಸ್ಗರ್ ಅನುಮಾನಿಸುವುದು, ಶ್ಯಾಮಲಮ್ಮ ಇಬ್ಬರನ್ನೂ ಬೈದು ತನಗೆ ತೋಚಿದ್ದನ್ನು ಮಾಡುವುದು, ಹೀಗೆ ನಡೆದಿತ್ತು. ಇಲ್ಲಿಯವರೆಗೂ ದೊಡ್ಡ ಗಂಡಾಂತರವೇನೂ ಆಗಿರಲಿಲ್ಲ, ದೇವರು ದೊಡ್ಡವನು.

ಈ ಸಲ ಬಂದದ್ದು ರಾಯಲ್ಟಿ ಫೈನಾನ್ಸ್ ಕಂಪನಿಯೊಂದರ ಷೇರು. ಮೋಹನ್‌ಬಾಬು ಬೆಂಚಿನ ತುದಿಯಲ್ಲಿ ಕೂತು ಬಿಡಿಸಿ ಹೇಳಿದ. ಸರಕು ತಯಾರಿಸುವವರಿಗೆ ಈ ಕಂಪನಿ ಮೊದಲೇ ದುಡ್ಡು ಕೊಡುತ್ತದೆ. ಬಡ್ಡಿ ಕೇಳುವುದಿಲ್ಲ. ಅವರು ಮಾರಿದ್ದರಲ್ಲಿ ನೂರಕ್ಕೆ ಇಷ್ಟು ಅಂತ ಪಾಲು ತೆಗೆದುಕೊಳ್ಳುತ್ತದೆ.

“ಅಯ್ಯೋ, ವಾರಕ್ಕೆ ಹೊಲ ಕೊಟ್ಟಂಗೆ ಅನ್ನು!” ಎಂದಳು ಶ್ಯಾಮಲಮ್ಮ. “ಗುತ್ತಿಗೆ ಆದ್ರೆ ಬೆಳೆ ಬರ್ಲಿ ಬಿಡ್ಲಿ ಅಷ್ಟೇ ದುಡ್ಡು. ವಾರ ಆದ್ರೆ ಬೆಳೆದಿದ್ರಲ್ಲಿ ಪಾಲು. ಬಂದ್ರೆ ಇಬ್ರಿಗೂ, ಹೋದ್ರೆ ಇಬ್ರಿಗೂ.”

“ಕರೆಕ್ಟ್ ದೊಡ್ಡಮ್ಮ, ಅಷ್ಟೇ ಕಣಮ್ಮ,” ಎಂದ ಮೋಹನ್‌ಬಾಬು. “ಡಿವಿಡೆಂಡ್ ಚೆನ್ನಾಗಿ ಕೊಡ್ತಾರೆ. ಆದ್ರೆ ಒಂದು ರಿಸ್ಕ್ ಐತೆ. ಬರೋ ಪಾಲಲ್ಲಿ ಹತ್ತಿರ ಹತ್ತಿರ ಅರ್ಧ ಒಬ್ಬನೇ ಗಿರಾಕಿಯಿಂದ. ಗೌರಿಬಿದನೂರು ಕಡೆ ರಾಗಿ ಬಿಸ್ಕತ್ ಫ್ಯಾಕ್ಟರಿ.”

“ಹೊಲ ನೂರು ಎಕರೆ, ಅರ್ಧ ಒಬ್ಬನೇ ವಾರಗಾರನ ಕೈಲಿ,” ಅಸ್ಗರ್ ತಲೆಯಾಡಿಸಿದ. “ಅವನು ಮಲಗಿದ್ರೆ ಕಂಪನಿನೂ ಮಲಗ್ತದೆ. ತಳಕ್ಕೆ ಕೈ ಹಾಕದೆ ನಾನಂತೂ ತಗೊಳ್ಳಲ್ಲ.”

ಶ್ಯಾಮಲಮ್ಮ ಆಗಲೇ ಮನಸ್ಸು ಮಾಡಿಯಾಗಿತ್ತು. ಆಕೆ ಹಾಕಲು ಹೊರಟದ್ದು ರೇಷ್ಮೆಹುಳು ಸಾಕಲು ಹೊಸ ಹುಳುಮನೆ ಕಟ್ಟಿಸಲೆಂದು ಇಟ್ಟಿದ್ದ ದುಡ್ಡು. ಹಳೆಯ ಹುಳುಮನೆಯ ಶೀಟು ಬೇಸಿಗೆಯಲ್ಲಿ ಕಾದ ಹೆಂಚು. ಹಣ್ಣಾಗಿ ಗೂಡು ಕಟ್ಟಬೇಕಾದ ಹುಳುಗಳು ಕೈಗೆ ಬಂದು ಸಾಯುವುದನ್ನು ನೋಡಿ ನೋಡಿ ಆಕೆ ಬೆಳೆಯಿಂದ ಬೆಳೆಗೆ ಉಳಿಸಿಟ್ಟಿದ್ದಳು. ಈ ಷೇರು ಒಂದು ವರ್ಷ ಹಾಲು ಕರೆದರೆ ಚಿಕ್ಕ ಹುಳುಮನೆಯ ಬದಲು ದೊಡ್ಡದನ್ನೇ ಕಟ್ಟಬಹುದು ಎನ್ನುವ ಆಸೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದರು ಅಂತ ನಗಬೇಡಿ, ಈಕೆ ತೊಟ್ಟಿಲನ್ನೂ ಕಟ್ಟಿಬಿಟ್ಟಿದ್ದಳು. ದುಡ್ಡು ಮುಳುಗಿದರೆ ಮತ್ತೆ ಅದೇ ಶೀಟು, ತಂಪಿಗೆ ಹೊದಿಸುವ ಅದೇ ಒದ್ದೆ ಗೋಣಿಚೀಲ, ಅದೇ ಸತ್ತ ಹುಳು.

“ನಡಿ ಹಂಗಾದ್ರೆ ಗೌರಿಬಿದನೂರಿಗೆ. ಹಾಕು ನಿನ್ನ ಕೈನ ತಳಕ್ಕೆ,” ಎಂದು ಎದ್ದೇಬಿಟ್ಟಳು.

ಮುಂದಿನ ಭಾನುವಾರ ಮೂವರೂ ಅಸ್ಗರನ ಹಳೇ ವ್ಯಾನಿನಲ್ಲಿ ಹೊರಟರು. ಫ್ಯಾಕ್ಟರಿಯ ಬಳಿ ಬಂದರೆ, ಅಬ್ಬಾ! ಗೇಟಿನ ಮುಂದೆ ತುಂಬಿದ ಲಾರಿಗಳ ಸಾಲು. ಬೀದಿಗೆಲ್ಲ ಬಿಸ್ಕತ್ತಿನ ಘಮ. ಮೋಹನ್‌ಬಾಬು ಫೋಟೋ ಹೊಡೆದುಕೊಂಡ. ಶ್ಯಾಮಲಮ್ಮನಂತೂ ಸೊಂಟದ ಮೇಲೆ ಕೈಯಿಟ್ಟು ಅಸ್ಗರನ ಕಡೆ ತಿರುಗಿದಳು.

“ಸಿಕ್ತೇನಪ್ಪಾ ಜೊಳ್ಳು?”

“ಸೋತೆ ಅಕ್ಕಾ,” ಎಂದು ಅಸ್ಗರ್ ಕೈಮುಗಿದ. “ನೀವು ಹಾಕಿದ್ರೆ ನಾನೂ ಹಾಕ್ತೀನಿ.”

ಗೆದ್ದ ಖುಷಿಗೆ ಆಕೆಯೇ ಎಲ್ಲರಿಗೂ ಟೀ ಕೊಡಿಸಿದಳು. ಗೇಟಿನ ಎದುರಿಗೇ ಕೋನಪ್ಪ ಎಂಬುವನ ಟೀ ಅಂಗಡಿ. ಟೀ ಎಂದರೆ ಟೀ, ಮೇಲೆ ಬೆರಳು ದಪ್ಪ ಕೆನೆ. ಹಾಲು ಎಲ್ಲಿಯದು ಎಂದು ಕೇಳದೆ ಬಿಟ್ಟರೆ ಶ್ಯಾಮಲಮ್ಮ ಹಳ್ಳಿಯ ಹೆಂಗಸು ಹೇಗಾದಾಳು? ಅಂಗಡಿಯ ಹಿಂದೆಯೇ ಎಮ್ಮೆಗಳಿವೆ ಎಂದ ಕೋನಪ್ಪ. ಗಂಡಸರನ್ನು ಬೆಂಚಿನ ಮೇಲೆ ಬಿಟ್ಟು ಆಕೆ ಎಮ್ಮೆ ನೋಡಲು ಹೋದಳು.

“ರಾಮ್ಮಾ, ರಾ!” ಎಂದು ತೆಲುಗಿನಲ್ಲೇ ಆಕೆಯನ್ನು ಒಳಗೆ ಕರೆದ ಕೋನಪ್ಪ. ಎಮ್ಮೆಗಳು ಮಿರಮಿರ ಮಿಂಚುತ್ತಿದ್ದವು. ಮುಂದಿನ ತೊಟ್ಟಿಯಲ್ಲಿ ಹುಲ್ಲಿಲ್ಲ, ಹಿಂಡಿಯಿಲ್ಲ. ಎಲ್ಲವೂ ಕರುಂ ಕುರುಂ ಎಂದು ಬಿಸ್ಕತ್ತು ಅಗಿಯುತ್ತಿದ್ದವು.

“ಇದೇನಪ್ಪಾ, ಎಮ್ಮೆಗೆ ಬಿಸ್ಕತ್ತು?”

“ವಾಪಸ್ ಮಾಲಮ್ಮಾ. ಅಲ್ಲಿ ನಿಂತಿರೋ ಲಾರಿಗಳೆಲ್ಲಾ ಏನಂದ್ಕೊಂಡ್ರಿ? ಹೋಗ್ತಿರೋವಲ್ಲ, ಬರ್ತಿರೋವು. ಅಂಗಡಿಯೋರ ತಲೆಗೆ ಕಟ್ತಾರೆ, ತಾರೀಖು ಮುಗಿದ ಮೇಲೆ ಅವರು ತಿರುಗಿ ಕಳಿಸ್ತಾರೆ. ಮೂಟೆ ಲೆಕ್ಕದಲ್ಲಿ ನನಗೆ ಕೊಡ್ತಾರೆ. ಈಗಂತೂ ವಾರವಾರಕ್ಕೂ ಜಾಸ್ತಿ ಆಗ್ತೈತೆ. ದೇವರು ಕಣ್ಣು ಬಿಟ್ಟ ಕಣಮ್ಮಾ!”

ಮಾರಾಟವೇ ಇಲ್ಲದ ಮೇಲೆ ಕಂಪನಿಗೆ ಪಾಲು ಎಲ್ಲಿಂದ ಬಂದೀತು ಎಂದು ಶ್ಯಾಮಲಮ್ಮನಿಗೆ ಹೊಳೆಯಿತು. ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ? ಎಮ್ಮೆಯ ಮೇಲೆ. ಈ ಹಾಳಾದ ಎಮ್ಮೆಗಳನ್ನು ಯಾಕಾದರೂ ನೋಡಲು ಬಂದೆನೋ! ಸುಮ್ಮನೆ ಟೀ ಕುಡಿದು ಹೋಗಿದ್ದರೆ ಮನಸ್ಸಿನಲ್ಲಿದ್ದ ದೊಡ್ಡ ಹುಳುಮನೆ ಹಾಗೇ ಇರುತ್ತಿತ್ತು. ಆಮೇಲೆ ಬಂದದ್ದು ನಾಚಿಕೆ. ಈಗ ತಾನೇ ಸೊಂಟದ ಮೇಲೆ ಕೈಯಿಟ್ಟು ಮೆರೆದಿದ್ದಾಳೆ. ಹೋಗಿ ಹೇಳಿದರೆ ಆ ಅಸ್ಗರ್ ಸಾಯೋವರೆಗೂ ಆಡಿಕೊಂಡು ನಗುತ್ತಾನೆ. ಹೇಳದಿದ್ದರೆ? ಯಾರಿಗೆ ಗೊತ್ತು, ಮುಂದಿನ ತಿಂಗಳು ಬಿಸ್ಕತ್ತು ಮಾರಾಟವಾದರೂ ಆದೀತು. ಲಾರಿ ಲಾರಿಯೇ ತಾನೇ.

ಒಂದು ಎಮ್ಮೆ ತಲೆಯೆತ್ತಿ, ಬಾಯ್ತುಂಬ ರಾಗಿ ಬಿಸ್ಕತ್ತು ಇಟ್ಟುಕೊಂಡು, ಆಕೆಯನ್ನೇ ನೋಡಿತು. “ತಿನ್ನು, ತಿನ್ನು ನನ್ನ ತಾಯಿ,” ಎಂದು ಗದರಿ ಶ್ಯಾಮಲಮ್ಮ ಅಂಗಡಿಗೆ ತಿರುಗಿದಳು.

“ಏನೋ ಮೋಹನಾ, ಏಳೋ. ಅಸ್ಗರ್, ನೀನೂ ಬಾರಪ್ಪಾ. ತಳ ಇಲ್ಲೈತೆ, ಬಂದು ನೋಡ್ಕೊಳ್ಳಿ.”

ಮೂವರೂ ತೊಟ್ಟಿಯ ಮುಂದೆ ನಿಂತರು. ಮೋಹನ್‌ಬಾಬು ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡು ಮೇಲಿನ ತಾರೀಖು ನೋಡಿದ, ಕೂದಲಲ್ಲಿ ಕೈಯಾಡಿಸಿದ. ಅಸ್ಗರ್ ನಗಲು ಶುರುಮಾಡಿದವನು ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದ. ಮೋಹನ್‌ಬಾಬುವೂ ನಕ್ಕ. ಕಡೆಗೆ ಶ್ಯಾಮಲಮ್ಮನೂ ತಡೆಯಲಾರದೆ ನಕ್ಕಳು. ಕಣ್ಣಲ್ಲಿ ನೀರು ಬಂದದ್ದು ನಗುವಿಗೋ ಹುಳುಮನೆಗೋ ಆಕೆಗೇ ತಿಳಿಯಲಿಲ್ಲ.

“ಅಲ್ಲಮ್ಮಾ,” ಎಂದ ಷೇರಿನ ಕಥೆಯೆಲ್ಲ ಕೇಳಿದ ಕೋನಪ್ಪ ಗಾಬರಿಯಿಂದ, “ಬಿಸ್ಕತ್ತು ಚೆನ್ನಾಗಿ ಮಾರಾಟ ಆಗೋಕೆ ಶುರುವಾದ್ರೆ ನನ್ನ ಗತಿ ಏನು?”

“ಇವನದೂ ಒಂದೇ ಗಿರಾಕಿ ನಂಬ್ಕೊಂಡಿರೋ ಕಂಪನಿ,” ಎಂದ ಅಸ್ಗರ್ ಕಣ್ಣೊರೆಸಿಕೊಳ್ಳುತ್ತ. “ಇವನ ಷೇರೂ ಬೇಡ.”

ಶ್ಯಾಮಲಮ್ಮ ಚಿಕ್ಕ ಹುಳುಮನೆಯನ್ನೇ ಕಟ್ಟಿಸಿದಳು. ಅದು ಏಳುತ್ತಿದ್ದಾಗ ಷೇರು ಏರುತ್ತಲೇ ಹೋಯಿತು. ದಿನಾ ಮೊಬೈಲು ನೋಡಿ ಆಕೆ ಕೋನಪ್ಪನ ಎಮ್ಮೆಗಳ ವಂಶವನ್ನೇ ಬೈಯುವಳು. ನಂತರ ಕಂಪನಿಯ ಲೆಕ್ಕ ಹೊರಬಿತ್ತು. ಬಿಸ್ಕತ್ತಿನಿಂದ ಬರುತ್ತಿದ್ದ ದುಡ್ಡು ಮೊದಲಿನ ಅರ್ಧಕ್ಕಿಳಿದಿತ್ತು, ಷೇರೂ ಧೊಪ್ಪನೆ ಬಿತ್ತು. ಎಲ್ಲ ಗೊತ್ತಿದ್ದೂ ಸ್ವಲ್ಪ ಕೊಂಡಿದ್ದ ಮೋಹನ್‌ಬಾಬು ಫೋನು ಮಾಡಿ, “ಒಂದು ಒಳ್ಳೇ ಮೊಬೈಲ್ ಕಳ್ಕೊಂಡೆ ಅಂದ್ಕೊಂತೀನಿ ಬಿಡು ದೊಡ್ಡಮ್ಮ,” ಎಂದ.

ಹೊಸ ಹುಳುಮನೆಯ ಮೊದಲ ಬೆಳೆ ಬಂತು. ತಂಪಿನಲ್ಲಿ ಬೆಳೆದ ಹುಳು, ಗೂಡು ಕೈಗೆ ಕಲ್ಲಿನ ಹಾಗೆ ಗಟ್ಟಿ. ಶಿಡ್ಲಘಟ್ಟದಲ್ಲಿ ಜಾಲರಿಗೆ ಸುರಿದು ಮುಖ ಒರೆಸಿಕೊಳ್ಳುವಷ್ಟರಲ್ಲಿ ಅಸ್ಗರ್ ಬಂದ. ಮೇಲಿನ ಗೂಡನ್ನು ಒಮ್ಮೆ ನೋಡಿ, ಹರಾಜಿನ ಆ್ಯಪಿನಲ್ಲಿ ರೇಟು ಕೂಗಲು ಮೊಬೈಲು ತೆಗೆದ.

“ಯಾಕಪ್ಪಾ, ಕೈಗೆ ಏನಾಗೈತೆ?” ಶ್ಯಾಮಲಮ್ಮ ರೇಗಿದಳು.

“ಇನ್ನು ಬೇಡ ಅಕ್ಕಾ. ಅವತ್ತು ಎಮ್ಮೆ ವಿಷಯ ನೀವು ಹೇಳದೆ ಇದ್ದಿದ್ರೆ ನಂಗೆ ಯಾವ ಜನ್ಮಕ್ಕೂ ಗೊತ್ತಾಗ್ತಿರ್ಲಿಲ್ಲ. ನನ್ನ ದುಡ್ಡೂ ಹೋಗ್ತಿತ್ತು. ನಿಮ್ಮ ಜಾಲರಿ ತಳ ನಾನು ನೋಡೋದಿಲ್ಲ.”

ಶ್ಯಾಮಲಮ್ಮ ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಅದು. ಆದರೂ ಆಕೆ ಅವನ ಮಣಿಕಟ್ಟು ಹಿಡಿದು, ಮೊಣಕೈವರೆಗೆ ಗೂಡಿನೊಳಗೆ ತುರುಕಿದಳು.

“ಹಾಕು. ಹೊಸ ಹುಳುಮನೆ ಗೂಡು ಕಣಪ್ಪಾ ಇದು. ತಳ ನೋಡಿ ರೇಟು ಕೂಗು!”