ಪಾಪಯ್ಯನ ಕಿಟಕಿ ಸೀಟು

ಪಾಪಯ್ಯನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹಾಗೆನ್ನುವವರಿಗೆ ಪಾಪಯ್ಯ ಗೊತ್ತಿಲ್ಲ, ಅಷ್ಟೆ.

ನನ್ನ ಹೆಸರು ಚಲಪತಿ. ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯವನು. ಮನೆಯ ಹಿಂದೆ ನನ್ನದೇ ಮಗ್ಗದ ಶೆಡ್ಡಿತ್ತು. ಕಿಡ್ನಿ ಕೈಕೊಟ್ಟ ಮೇಲೆ ಅದನ್ನು ತಮ್ಮನಿಗೆ ಒಪ್ಪಿಸಿ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವುದೇ ನನ್ನ ಕಸುಬಾಯಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು ಒಂದು ಪಾಡಾದರೆ ಆ ಹಾಸಿಗೆಯ ತನಕ ಹೋಗಿ ಬರುವುದು ಇನ್ನೊಂದು ಪಾಡು. ಮೊದಮೊದಲು ನೆಂಟರು ನಾನು ತಾನು ಎಂದು ಕಾರು ತರುತ್ತಾರೆ. ಆಮೇಲೆ ಫೋನೇ ಎತ್ತುವುದಿಲ್ಲ. ಅವರನ್ನು ಬೈದು ಫಲವಿಲ್ಲ. ದಿನಾ ಸಾಯೋರಿಗೆ ಅಳೋರು ಯಾರು?

ಅದಕ್ಕೇ ನಾನು ನಂದೀಶನನ್ನು ಹಿಡಿದೆ. ಏರ್‌ಪೋರ್ಟಿಗೆ ಕ್ಯಾಬ್ ಓಡಿಸಿ, ನಿದ್ದೆಗೆಟ್ಟು ಬೇಸತ್ತು ಊರಿಗೆ ಬಂದಿದ್ದ ಹುಡುಗ. ಒಂದು ಹಳೇ ಓಮ್ನಿ ಇತ್ತು. ದಾರಿಯಲ್ಲಿ ಸಿಗುವ ನಾಲ್ಕೈದು ಊರುಗಳ ಪೇಶೆಂಟುಗಳನ್ನು ಕೂಡಿಸಿ ಸೋಮವಾರ, ಬುಧವಾರ, ಶುಕ್ರವಾರ ಎಂದು ಗೊತ್ತುಮಾಡಿದೆ. ವ್ಯಾನಿನ ಕಾಯಿದೆಗಳನ್ನು ಮಾಡಿದವನೂ ನಾನೇ. ಯಾರ ಯಾವ ಕೈಗೆ ಸೂಜಿ ಹಾಕುತ್ತಾರೋ ಆ ಕೈ ಕಿಟಕಿಯ ಕಡೆಗಿರಬೇಕು, ಇನ್ನೊಬ್ಬರ ಮೈ ತಾಗಕೂಡದು. ಒಂದು ಸಲ ಯಾರದೋ ನೆಂಟರ ಹೆಂಗಸೊಬ್ಬಳನ್ನು ಪಾಪ ಎಂದು ತುರುಕಿಕೊಂಡಿದ್ದಕ್ಕೆ, ನಮ್ಮ ಪೇಶೆಂಟು ವರಲಕ್ಷ್ಮಮ್ಮನ ಕೈ ಒತ್ತಿ ರಕ್ತ ಚಿಮ್ಮಿ ವ್ಯಾನೆಲ್ಲ ರಾಡಿಯಾಗಿತ್ತು. ಬರುವಾಗ ಒಬ್ಬರಿಗಾದರೂ ಬೀಪಿ ಇಳಿದು ಮಲಗಲೇಬೇಕಾಗುತ್ತದೆ, ಅದಕ್ಕೂ ಜಾಗ ಬೇಕು. ಅಂದಿನಿಂದ ಸೀಟಿಲ್ಲ ಎಂದರೆ ಸೀಟಿಲ್ಲ. ಯಮ ಬಂದು ಕೇಳಿದರೂ ಇಲ್ಲ ಎನ್ನುತ್ತಿದ್ದೆ.

ಪಾಪಯ್ಯನದು ಎಡಗೈ, ಹಾಗಾಗಿ ಎಡಕಿಟಕಿ ಸೀಟು. ನನಗಿಂತ ಬಹಳ ದೊಡ್ಡವನು, ಹೊಲ ಉತ್ತು ಗಟ್ಟಿಯಾದ ಮೈ. ನಮಗೆಲ್ಲ ನೀರು ಅಳೆದು ಕುಡಿಯುವ ಶಿಕ್ಷೆ ಇತ್ತಲ್ಲ, ಬಾಯಾರಿಕೆಗೆಂದು ಅವನು ಜೇಬಿನಲ್ಲಿ ಲವಂಗ ಇಟ್ಟುಕೊಂಡು ಎಲ್ಲರಿಗೂ ಒಂದೊಂದು ಹಂಚುತ್ತಿದ್ದ. "ಬಾಯಲ್ಲಿಟ್ಕಳ್ರಪ್ಪ, ಜಗೀಬೇಡಿ, ಊರು ಬರೋಗಂಟ ಬರ್ಬೇಕು" ಎನ್ನುತ್ತಿದ್ದ. ನಾನು ಬಾಯಿಗಿಟ್ಟ ಕೂಡಲೇ ಜಗಿದುಬಿಡುತ್ತಿದ್ದೆ. "ನಿಂಗೆ ಲವಂಗದ್ ಮೇಲೂ ಸಿಟ್ಟಾ?" ಎಂದು ನಗುತ್ತಿದ್ದ.

ಹೀಗಿರುವಾಗ ನವ್ಯಶ್ರೀ ಬಂದಳು. ನಮ್ಮೂರಿನಿಂದ ಇನ್ನೂ ಆಚೆ ಊರಿನ ಸೊಸೆ. ಮಗುವಿಗೆ ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸಲ್ಲ. ಬಾಣಂತನದಲ್ಲೇ ಕಿಡ್ನಿ ಕೆಟ್ಟಿತ್ತಂತೆ. ಗಂಡ ಬೈಕಿನಲ್ಲಿ ಕರೆದುಕೊಂಡು ಬರುತ್ತಿದ್ದ. ಒಂದು ದಿನ ವಾಪಸ್ಸು ಹೋಗುವಾಗ ತಲೆ ತಿರುಗಿ ಬೈಕಿನಿಂದ ಬಿದ್ದಳು. ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯ ವರಾಂಡದಲ್ಲಿ ನನ್ನ ಮುಂದೆ ನಿಂತಳು.

"ಅಂಕಲ್, ಮೂಲೇಲಿ ಮುದುರ್ಕೊಂಡು ಕೂತ್ಕೋತೀನಿ."

"ಸೀಟಿಲ್ಲಮ್ಮ" ಎಂದೆ. ನನಗೇನು ಖುಷಿಯೇ ಹಾಗೆನ್ನಲು? ಅವತ್ತಿನಿಂದಲೇ ಇನ್ನೊಂದು ಗಾಡಿಗೆ ಹುಡುಕಾಟ ಶುರು ಮಾಡಿದೆ. ದೇವನಹಳ್ಳಿಯ ಕ್ಯಾಬಿನವರು ಏರ್‌ಪೋರ್ಟ್ ಬಾಡಿಗೆ ಬಿಟ್ಟು ಬರುವುದಿಲ್ಲ ಎಂದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ "ಎಮರ್ಜೆನ್ಸಿನಾ ಸರ್?" ಎಂದಳು. "ಇವತ್ತಲ್ಲಮ್ಮ. ಗಾಡಿ ಸಿಗದೆ ಇದ್ರೆ ಮುಂದಿನ್ ವಾರ ಆಗುತ್ತೆ" ಎಂದೆ. ಸಾರಿ ಸರ್ ಎಂದು ಇಟ್ಟಳು. ಅವಳದೇನೂ ತಪ್ಪಿಲ್ಲ. ಬಿದ್ದವರನ್ನು ಎತ್ತಲು ಗಾಡಿಯಿದೆ, ಬೀಳದ ಹಾಗೆ ನಡೆಸಿಕೊಂಡು ಹೋಗಲು ಗಾಡಿಯಿಲ್ಲ.

ಮುಂದಿನ ಶುಕ್ರವಾರ ವಾಪಸ್ಸು ಬರುವಾಗ ಪಾಪಯ್ಯ ಇಳಿಯುವ ಮೊದಲು ಹೇಳಿದ.

"ಚಲಪತಿ, ಸೋಮವಾರದಿಂದ ನನ್ ಸೀಟು ಆ ಮಗೀಗೆ ಕೊಡು. ನನ್ನಳಿಯ ಹೊಸಕೋಟೇಲಿ ಆಸ್ಪತ್ರೆ ಗೊತ್ತು ಮಾಡವ್ನೆ. ಗೇಟಿಗೇ ಕಾರು ಕಳಿಸ್ತಾನಂತೆ."

ನಮ್ಮ ಕಡೆ ಹಳ್ಳಿಯ ದಾರಿ ಮೇನ್ ರೋಡಿಗೆ ಸೇರುವ ಜಾಗಕ್ಕೆ ಗೇಟು ಎನ್ನುತ್ತಾರೆ. ಪಾಪಯ್ಯ ವ್ಯಾನು ಹತ್ತುತ್ತಿದ್ದದ್ದೂ ಅಲ್ಲೇ. "ಅಳಿಯಂಗೆ ಈಗ ಬುದ್ಧಿ ಬಂತಾ?" ಎಂದೆ. "ಬಂತು ಕಣಪ್ಪ" ಎಂದು ನಕ್ಕು, ಜೇಬಿನಲ್ಲಿದ್ದ ಲವಂಗದ ಪೊಟ್ಟಣವನ್ನು ನನ್ನ ಕೈಗಿಟ್ಟು ಇಳಿದುಹೋದ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಅಳಿಯನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಸೋಮವಾರ ನವ್ಯಶ್ರೀ ಎಡಕಿಟಕಿಯಲ್ಲಿ ಕೂತಳು. ನಮ್ಮ ವ್ಯಾನು ಗೇಟು ದಾಟುವಾಗ ಪಾಪಯ್ಯ ಬಿಳೀ ಪಂಚೆಯುಟ್ಟು, ಚೀಲ ಹಿಡಿದು ನಿಂತಿದ್ದ. ನಂದೀಶ ಗಾಡಿ ನಿಧಾನ ಮಾಡಿ ತಲೆ ಹೊರಗೆ ಹಾಕಿದ.

"ಲೇ, ಹೊರಟೋರ್ನ ಎಲ್ಲಿಗೆ ಏನು ಅಂತ ಕೇಳ್ಬಾರ್ದು ಕಣೋ, ನಡಿ" ಎಂದೆ.

ಅದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ತೀರಾ ತಡೆಯಲಾರದವರು "ದೂರಾನಾ?" ಎಂದು ಸುಮ್ಮನಾಗುತ್ತಾರೆ. ಅದರಲ್ಲೂ ಆಸ್ಪತ್ರೆಗೆ ಹೊರಟವರನ್ನು ಯಾರೂ ಕೇಳುವುದಿಲ್ಲ. ಪಾಪಯ್ಯ ಕೈ ಬೀಸಿದ. ನವ್ಯಶ್ರೀ ಕಿಟಕಿಯಿಂದ "ಬರ್ತೀವಿ ತಾತ" ಎಂದಳು.

ನಡುವೆ ಒಂದು ದಿನ ಫೋನ್ ಮಾಡಿದೆ. "ಹೆಂಗೈತೆ ಪಾಪಣ್ಣ ಹೊಸಕೋಟೆ?" ಎಂದರೆ, "ಏಸಿ ಐತೆ ಕಣಪ್ಪ, ಚಳಿ. ದುಪ್ಪಟಿ ತಗೊಂಡೋಗ್ಬೇಕು" ಎಂದ. ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತಿದ್ದ. ನಡೆದು ಬಂದಿರಬೇಕು ಎಂದುಕೊಂಡೆ.

ಗಾಡಿ ಸಿಕ್ಕಿದ್ದು ಕೊನೆಗೆ ನಮ್ಮ ಕಣ್ಣೆದುರೇ. ಸ್ಕೂಲ್ ವ್ಯಾನಿನ ಗೋವಿಂದರಾಜು ಬೆಳಗ್ಗೆ ಮಕ್ಕಳನ್ನು ಬಿಟ್ಟು ಸಂಜೆಯವರೆಗೆ ಗಾಡಿ ನಿಲ್ಲಿಸಿಕೊಂಡು ಬೇವಿನ ಮರದಡಿ ಇಸ್ಪೀಟಾಡುತ್ತಿದ್ದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತಾಗಿತ್ತು ನನ್ನ ಕಥೆ. ಭಾನುವಾರ ಬೆಳಗ್ಗೆ ಅವನ ಮನೆಗೇ ಹೋಗಿ ಕೂತು, ಸ್ಕೂಲಿನವರನ್ನೂ ಫೋನಿನಲ್ಲಿ ಒಪ್ಪಿಸಿ, ನಾಳೆಯಿಂದಲೇ ಬರುತ್ತೇನೆ ಎನ್ನಿಸಿಕೊಂಡು ಎದ್ದೆ. ಮೊದಲು ಫೋನ್ ಮಾಡಿದ್ದು ಪಾಪಯ್ಯನಿಗೆ. ಆ ಏಸಿಯ ಚಳಿ ಬಿಟ್ಟು ನಿನ್ನ ಕಿಟಕಿಗೆ ಬಾರೋ ಮಾರಾಯ ಎನ್ನಬೇಕಿತ್ತು.

ಎತ್ತಿದ್ದು ಅವನ ಹೆಂಡತಿ ಮುತ್ಯಾಲಮ್ಮ. "ಬೆಳಗ್ಗಿಂದ ಉಬ್ಬಸ ಚಲಪತಪ್ಪ, ಮಲಗಕ್ಕೇ ಆಗ್ತಿಲ್ಲ. ಮೊನ್ನೆ ತಾನೆ ನಿಮ್ ಜೊತೆ ಹೋಗಿ ಮಾಡಿಸ್ಕೊಂಡ್ ಬಂದ್ರಲ್ಲ, ಯಾಕಿಂಗಾಯ್ತು?"

ನಮ್ಮ ಜೊತೆ? ಅವನು ನಮ್ಮ ವ್ಯಾನು ಹತ್ತಿ ಎರಡು ವಾರವಾಗಿತ್ತು. ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ, ನಂದೀಶನನ್ನು ಎಬ್ಬಿಸಿಕೊಂಡು ಹೋದೆ.

ಪಾಪಯ್ಯ ಗೋಡೆಗೆ ಒರಗಿ ಕೂತಿದ್ದ. ಮುಖ ಊದಿ ಕಣ್ಣು ಗೀಟಿನಂತಾಗಿದ್ದವು. ಎಡಗೈ ಮೇಲೆ ಹತ್ತಿ ಇಟ್ಟು ಅಂಟುಪಟ್ಟಿ ಹಾಕಿತ್ತು, ಡಯಾಲಿಸಿಸ್ ಆದ ಮೇಲೆ ನಮಗೆಲ್ಲ ಹಾಕುವ ಹಾಗೆಯೇ. ನಾನು ಪಕ್ಕದಲ್ಲಿ ಕೂತು ಅದನ್ನು ಕಿತ್ತೆ. ಹತ್ತಿ ಬೆಳ್ಳಗಿತ್ತು. ಅಡಿಯಲ್ಲಿ ಹೊಸ ಸೂಜಿಯ ಗಾಯ ಒಂದೂ ಇರಲಿಲ್ಲ. ಹಳೆಯವೆಲ್ಲ ಮಾಯ್ದು ಒಣಗಿದ್ದವು. ಬೇರೆಯವರಿಗೆ ಅದು ಗೊತ್ತಾಗುವುದಿಲ್ಲ, ನಮ್ಮಂಥವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

"ಎಲ್ಲಿಗೆ ಹೋಗ್ತಿದ್ದೆ?" ಎಂದೆ. ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆನಂತೆ, ನಂದೀಶ ಆಮೇಲೆ ಹೇಳಿದ.

"ನೀಲಗಿರಿ ತೋಪಿಗೆ" ಎಂದ ಪಾಪಯ್ಯ. ಒಂದೊಂದು ಮಾತಿಗೂ ನಿಲ್ಲುತ್ತಿದ್ದ. "ಅಲ್ಲಿಂದ ರೋಡು ಕಾಣ್ತದೆ. ನಿಮ್ ವ್ಯಾನು ವಾಪಸ್ ಹೋಗದ್ ನೋಡ್ಕಂಡು... ಮನೇಗ್ ಬತ್ತಿದ್ದೆ."

"ಬಸ್ಸಲ್ಲಾದ್ರೂ ಬರಬಾರ್ದಾಗಿತ್ತಾ? ನಂಗಾದ್ರೂ ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಮೊದಲ್ನೇ ದಿನ ಬಸ್ಸಿಗೇ ನಿಂತಿದ್ದೆ. ಹತ್ತಕ್ಕಾಗ್ಲಿಲ್ಲ ಕಣಪ್ಪ, ನೂಕಾಟ. ನಿಂಗೆ ಹೇಳಿದ್ರೆ... ಆ ಮಗೀನ ಇಳಿಸಿ ನನ್ನ ಹತ್ತಿಸ್ತಿದ್ದೆ. ನಿನ್ ಕಾಯಿದೆ ನಂಗೊತ್ತಿಲ್ವಾ?"

ಇಳಿಸುತ್ತಿದ್ದೆನೇ? ಈಗಲೂ ಕೇಳಿಕೊಳ್ಳುತ್ತೇನೆ. ಹೌದು, ಇಳಿಸುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು. ಇನ್ನೆರಡು ವಾರ ತಡೆದಿದ್ದರೆ ಅವನಿಗೂ ಆ ಹುಡುಗಿಗೂ ಸೀಟಿರುತ್ತಿತ್ತು, ಅದು ಮಾತ್ರ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಸ್ಕೂಲ್ ವ್ಯಾನು ಸಿಕ್ಕಿದೆ ಪಾಪಣ್ಣ. ನಾಳೆಯಿಂದ ಬರುತ್ತೆ. ನಿನ್ ಕಿಟಕಿ ನಿಂಗೇ" ಎಂದೆ.

"ಹೌದಾ? ಒಳ್ಳೇದಾಯ್ತು ಬಿಡು" ಎಂದ. ನಿಜವಾಗಿಯೂ ಖುಷಿಪಟ್ಟ. ಅದನ್ನು ನೆನೆದರೆ ಇವತ್ತಿಗೂ ನನಗೆ ತಡೆಯಲಾಗುವುದಿಲ್ಲ.

ಆಂಬುಲೆನ್ಸು ಈ ಸಲ ಬಂತು. ಈ ಸಲ ಎಮರ್ಜೆನ್ಸಿ ಇತ್ತಲ್ಲ. ಮೂಗಿಗೆ ಆಮ್ಲಜನಕ ಹಾಕಿ, ಇಡೀ ಗಾಡಿಯಲ್ಲಿ ಅವನೊಬ್ಬನನ್ನೇ ಉದ್ದಕ್ಕೆ ಮಲಗಿಸಿಕೊಂಡು ಸೈರನ್ನು ಹೊಡೆಯುತ್ತಾ ಹೋದರು. ನಾವು ಓಮ್ನಿಯಲ್ಲಿ ಹಿಂದೆ ಹೋದೆವು. ಆಸ್ಪತ್ರೆ ಮುಟ್ಟುವ ಮೊದಲೇ ಸೈರನ್ನು ನಿಂತಿತು. ನಂದೀಶ ಏನೂ ಕೇಳದೆ ಗಾಡಿಯನ್ನು ಪಕ್ಕಕ್ಕೆ ಹಾಕಿ, ಸ್ಟೇರಿಂಗಿಗೆ ಹಣೆಯಿಟ್ಟು ಅತ್ತ.

ಸಂಜೆ ಎಲ್ಲ ಮುಗಿದ ಮೇಲೆ ಮುತ್ಯಾಲಮ್ಮ ಜಗಲಿಯ ಮೇಲೆ ಕೂತು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು.

"ಮೊನ್ನೆ ರೋಡಿನ್ ಕಡೆ ಹೋಗದು ಬಿಟ್ಟು ತೋಪಿನ್ ದಾರಿ ಹಿಡಿದ್ರು ಚಲಪತಪ್ಪ. ನಾನು ಬಾಗ್ಲಲ್ಲೇ ನಿಂತು ನೋಡ್ದೆ. ಎಲ್ಲಿಗೆ ಅಂತ ನಾಲ್ಗೆ ತುದೀಗ್ ಬಂದಿತ್ತು. ಆಸ್ಪತ್ರೆಗ್ ಹೊರಟೋರ್ನ ಕೇಳ್ಬಾರ್ದಲ್ಲ, ಕೆಟ್ಟದಾಗ್ತದಲ್ಲ ಅಂತ ನುಂಗ್ಕಂಡೆ. ಅವರಿಗೆ ಕೆಟ್ಟದಾಗ್ಬಾರ್ದು ಅಂತ ನುಂಗ್ಕಂಡೆ ಕಣಪ್ಪ."

ಗೇಟಿನ ಹತ್ತಿರ ಕೇಳಲು ಹೊರಟ ನಂದೀಶನ ಬಾಯಿಯನ್ನೇ ಮುಚ್ಚಿಸಿದವನು ನಾನು.

ಮಾರನೆಯ ದಿನ ಸೋಮವಾರ. ದುಃಖ ಇದೆ ಎಂದು ನಾವು ರಜೆ ಹಾಕುವ ಹಾಗಿಲ್ಲ, ನಮ್ಮ ರಕ್ತಕ್ಕೆ ಅದು ತಿಳಿಯುವುದಿಲ್ಲ. ಗೋವಿಂದರಾಜುವಿನ ಹಳದಿ ವ್ಯಾನು ಮುಂದೆ, ನಮ್ಮ ಓಮ್ನಿ ಹಿಂದೆ. ನಮ್ಮ ಗಾಡಿಯಲ್ಲಿ ಈಗ ಬೇಕಾದಷ್ಟು ಜಾಗ. ನವ್ಯಶ್ರೀಯ ಊರು ದೂರ, ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಅವಳು ಹತ್ತಿದಾಗ ಹೇಳಬೇಕೆಂದು ನಾನು ಬಾಯಿ ತೆರೆದೆ. ಸೂಜಿ ಹಾಕಿಸಿಕೊಳ್ಳಲು ಹೊರಟ ಹುಡುಗಿ ಅವಳು. ವಾಪಸ್ಸು ಬರುವಾಗ ಹೇಳೋಣ ಎಂದುಕೊಂಡೆ.

ಗೇಟು ಬಂತು. ನಂದೀಶ ರೂಢಿಯಲ್ಲಿ ಗಾಡಿ ನಿಧಾನ ಮಾಡಿದ. ಅಷ್ಟರಲ್ಲಿ ನವ್ಯಶ್ರೀ ಚೀಲ ಎತ್ತಿಕೊಂಡು ಕಿಟಕಿ ಬಿಟ್ಟು ನಡುವಿನ ಸೀಟಿಗೆ ಸರಿದಳು. ಸೆರಗಿನಿಂದ ಆ ಸೀಟಿನ ಧೂಳು ಒರೆಸಿದಳು.

"ಎರಡು ವ್ಯಾನಾಯ್ತಲ್ಲ ಅಂಕಲ್, ತಾತ ಇನ್ಮೇಲೆ ಹೊಸಕೋಟೆಗ್ಯಾಕೆ ಹೋಗ್ಬೇಕು? ನಮ್ ಜೊತೇನೇ ಬರ್ತಾರಲ್ವಾ?"

ಊರಿಗೆಲ್ಲ ಬಾಯಿ ಮಾಡುವ ನಾನು, "ನಡಿ ನಂದೀಶ, ಹೊತ್ತಾಗುತ್ತೆ" ಎಂದೆ. ಜೇಬಿನಲ್ಲಿ ಲವಂಗದ ಪೊಟ್ಟಣ ಹಾಗೇ ಇತ್ತು. ಅವಳಿಗೊಂದು ಕೊಟ್ಟು, ನಾನೊಂದು ಬಾಯಿಗಿಟ್ಟುಕೊಂಡೆ. ಜಗಿಯಲಿಲ್ಲ.

ತಾತ ಮುಂದಿನ ಹಳದಿ ವ್ಯಾನು ಹತ್ತಿರಬೇಕು, ವಾಪಸ್ಸು ಬರುವಾಗ ಇದಕ್ಕೆ ಹತ್ತುತ್ತಾರೆ ಎಂದುಕೊಂಡಳೋ ಏನೋ. ಆಸ್ಪತ್ರೆ ಮುಟ್ಟುವ ತನಕ ಆ ಕಿಟಕಿ ಸೀಟನ್ನು ಖಾಲಿ ಬಿಟ್ಟು, ಸೂಜಿ ಹಾಕುವ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹುಡುಗಿ ನಡುವೆಯೇ ಕೂತು ಬಂದಳು.