ಸ್ವೆಟರ್ ಹಾಕಿಕೊಂಡ ಐಸ್‌ಗಡ್ಡೆ

ತಪ್ಪಿಗೂ ಮಾರ್ಕು ಕೊಡುತ್ತಾರೆಂದು ವಿಜ್ಞಾನದ ಮೇಡಂ ಶಾಲೆಯಲ್ಲೆಲ್ಲ ಹೆಸರು ಕೆಡಿಸಿಕೊಂಡಿದ್ದರು. ಅವರ ಪರೀಕ್ಷೆಯ ರೀತಿಯೇ ಬೇರೆ. ಏನಾಗುತ್ತದೆಂದು ಮೊದಲು ಊಹಿಸಬೇಕು, ಆಮೇಲೆ ಮಾಡಿ ನೋಡಬೇಕು. ಊಹೆ ತಪ್ಪಾದವರು ತಮಗೆ ಹಾಗೇಕೆ ಅನ್ನಿಸಿತೆಂದು ಎದ್ದು ನಿಂತು ಬಿಡಿಸಿ ಹೇಳಬೇಕು. ಮಾರ್ಕು ಇರುವುದು ಅದಕ್ಕೇ, ಹಾಕುವವರು ತರಗತಿಯ ಮಕ್ಕಳೇ. ಗಿಣಿಪಾಠ ಒಪ್ಪಿಸಿ ನೂರಕ್ಕೆ ನೂರು ತೆಗೆದವರ ತಲೆಯಲ್ಲಿ ಎಂಥೆಂಥ ಕಸ ಕೂತಿರುತ್ತದೆಂದು ಮೇಡಂಗೆ ಚೆನ್ನಾಗಿ ಗೊತ್ತಿತ್ತು.

ಹೆಡ್‌ಮಾಸ್ಟರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಅವರೂ ಒಂದು ಕಾಲದ ಭೌತಶಾಸ್ತ್ರದ ಮೇಷ್ಟ್ರೇ. ಅವತ್ತು ಪಾಠದ ನಡುವೆಯೇ ಒಳಗೆ ನುಗ್ಗಿದರು.

"ನೋಡಮ್ಮಾ, ಈ ಆಟ ಇವತ್ತಿಗೆ ಸಾಕು. ನಾಳೆಯಿಂದ ಪ್ರಶ್ನೆಪತ್ರಿಕೆ ಕೊಡು, ಉತ್ತರ ಬರೆಸು."

ಮೇಡಂ ವರ್ಷವಿಡೀ ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು.

"ಆಯ್ತು ಸರ್, ಇದೊಂದು ಮುಗಿಸ್ತೀನಿ. ನಿಮ್ಮ ಸ್ವೆಟರ್ ಸ್ವಲ್ಪ ಕೊಡ್ತೀರಾ?"

ಒಂದೇ ಗಾತ್ರದ ಎರಡು ಐಸ್‌ಗಡ್ಡೆಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಒಂದನ್ನು ತಟ್ಟೆಯಲ್ಲಿಟ್ಟರು, ಇನ್ನೊಂದನ್ನು ಸ್ವೆಟರಿನಲ್ಲಿ ಸುತ್ತಿದರು. "ಯಾವುದು ಮೊದಲು ಕರಗುತ್ತೆ?"

"ಇದೂ ಒಂದು ಪ್ರಶ್ನೇನಾ? ಸ್ವೆಟರ್ ಒಳಗಿರೋದು. ಬೆಚ್ಚಗಿರುತ್ತಲ್ಲ!" ಎಂದು ಹೆಡ್‌ಮಾಸ್ಟರೇ ಎಲ್ಲರಿಗಿಂತ ಮೊದಲು ಬಾಯಿ ಹಾಕಿ, ಕುರ್ಚಿ ಎಳೆದುಕೊಂಡು ಕೂತರು. ಗೌರವಕ್ಕೋ ಭಯಕ್ಕೋ ಅರ್ಧ ತರಗತಿ ಹೌದೆಂದಿತು.

ಪೀರಿಯಡ್ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿದ್ದದ್ದು ನೀರಾಗಿತ್ತು. ಸ್ವೆಟರಿನೊಳಗಿನದು ಗಟ್ಟಿಯಾಗಿ, ಆರಾಮಾಗಿ ಮಲಗಿತ್ತು. ಹೆಡ್‌ಮಾಸ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು "ಈ ಐಸೇ ಸರಿಯಿಲ್ಲ" ಅಂದರು.

ಬಾಯಿಬಡುಕಿ ಎಂದೇ ಹೆಸರಾದ ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. "ಸರ್, ತಪ್ಪಾದೋರು ಎದ್ದು ಹೇಳ್ಬೇಕು."

ಹೆಡ್‌ಮಾಸ್ಟರ್ ತಲೆ ಕೆರೆದುಕೊಂಡು ನಿಧಾನಕ್ಕೆ ಎದ್ದರು.

"ಚಿಕ್ಕೋನಿದ್ದಾಗ ಅಮ್ಮ ಸ್ವೆಟರ್ ಹಾಕಿ, ಬೆಚ್ಚಗಾಯ್ತಾ ಅಂತ ಕೇಳೋಳು. ಬಿಸಿ ಸ್ವೆಟರಿಂದಲೇ ಬರುತ್ತೆ ಅಂದ್ಕೊಂಡಿದ್ದೆ. ಬಿಸಿ ನನ್ನ ಮೈದೇ, ಅದು ಹೊರಗೆ ಹೋಗದ ಹಾಗೆ ಸ್ವೆಟರ್ ತಡೀತಿತ್ತು ಅಷ್ಟೆ. ಇಲ್ಲಿ ಹೊರಗಿನ ಬಿಸೀನ ಒಳಗೆ ಬಿಟ್ಟಿಲ್ಲ." ಹಣೆ ಚಚ್ಚಿಕೊಂಡರು. "ಉಣ್ಣೆ ಶಾಖ ದಾಟಲು ಬಿಡದು ಅಂತ ವರ್ಷಗಟ್ಟಲೆ ನಾನೇ ಬೋರ್ಡ್ ಮೇಲೆ ಬರೆದಿದೀನಲ್ಲಮ್ಮಾ!"

ಮಕ್ಕಳು ಗುಸುಗುಸು ಮಾತಾಡಿಕೊಂಡು ಹತ್ತಕ್ಕೆ ಎಂಟು ಕೊಟ್ಟರು.

"ಎಂಟೇನಾ? ಎರಡು ಯಾಕೆ ಕಟ್?"

"ಐಸೇ ಸರಿಯಿಲ್ಲ ಅಂದ್ರಲ್ಲ ಸರ್, ಅದಕ್ಕೆ."

"ಒಂದಾದ್ರೂ ಹಾಕ್ರೋ!"

"ಬಿಡಿ ಸರ್," ಎಂದರು ಮೇಡಂ, "ನಾಳೆಯಿಂದ ಈ ಪರೀಕ್ಷೆನೇ ಇಲ್ವಲ್ಲ. ಎಂಟೂ ಲೆಕ್ಕಕ್ಕಿಲ್ಲ."

ಹೆಡ್‌ಮಾಸ್ಟರ್ ತಣ್ಣಗಾಗಿದ್ದ ಸ್ವೆಟರನ್ನು ಹೆಗಲಿಗೆ ಹಾಕಿಕೊಂಡರು.

"ಇಲ್ಲ ಅಂದೋರು ಯಾರಮ್ಮಾ? ನಾಳೆ ನಾನೂ ಬರ್ತೀನಿ. ಹತ್ತಕ್ಕೆ ಹತ್ತು ತೆಗೀದೆ ಬಿಡಲ್ಲ."